ಗ್ನೂಕ್ಯಾಶ್: ಒಂದೇ ಸಂಬಳದ ಮನೆಗೆ ಆಗಿಬರುವ ಲೆಕ್ಕದ ಪುಸ್ತಕ

ದುಬಾರಿ ಮಹಾನಗರದಲ್ಲಿ ಒಬ್ಬರ ಸಂಬಳದ ಮೇಲೆ ಸಂಸಾರ ನಿಂತಿದ್ದರೆ, ಆ ಮನೆಗೆ ಒಂದು ಸಂಖ್ಯೆ ಗೊತ್ತಿರಲೇಬೇಕು. ನಾಳೆ ಸಂಬಳ ನಿಂತರೆ ಇದೇ ಮನೆಯಲ್ಲಿ, ಮಕ್ಕಳ ಇದೇ ಶಾಲೆಯಲ್ಲಿ, ಹೊಸ ಸಾಲ ಮಾಡದೆ ಎಷ್ಟು ತಿಂಗಳು ಉಳಿಯಬಹುದು? ಇಬ್ಬರು ದುಡಿಯುವ ಮನೆಯಲ್ಲಿ ಒಂದು ಸಂಬಳ ತಪ್ಪಿದರೂ ಇನ್ನೊಂದು ಬಾಡಿಗೆಯನ್ನಾದರೂ ಹೇಗೋ ತೂಗಿಸುತ್ತದೆ. ಇಲ್ಲಿ ಆ ಆಸರೆ ಇಲ್ಲ. ಖರ್ಚು ಬರೆದಿಡುವ ಬಹುಪಾಲು ಆ್ಯಪ್‌ಗಳು ಹೋದ ತಿಂಗಳು ಯಾವುದಕ್ಕೆ ಎಷ್ಟು ಹೋಯಿತೆಂದು ಬಣ್ಣಬಣ್ಣದ ವೃತ್ತ ತೋರಿಸಿ ಸುಮ್ಮನಾಗುತ್ತವೆ. ಗ್ನೂಕ್ಯಾಶ್ ಕೂಡ ಈ ಸಂಖ್ಯೆಯನ್ನು ತಾನಾಗಿ ಹೇಳುವುದಿಲ್ಲ. ಆದರೆ ಮೊದಲ ದಿನವೇ ಖಾತೆಗಳನ್ನು ಸರಿಯಾಗಿ ಜೋಡಿಸಿಕೊಂಡರೆ ನಂಬಿ ನಡೆಯುವಷ್ಟು ನಿಖರವಾದ ಉತ್ತರ ಅದರಿಂದ ಸಿಗುತ್ತದೆ. ಈ ವಿಮರ್ಶೆ ಆ ಒಂದು ಕೆಲಸಕ್ಕೆ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದರ ಬಗ್ಗೆ.

ಗ್ನೂಕ್ಯಾಶ್ ಉಚಿತ, ಮುಕ್ತ ತಂತ್ರಾಂಶ. 1998ರಿಂದ ಇದೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಚಂದಾ ಇಲ್ಲ, ಲಾಗಿನ್ ಇಲ್ಲ, ಲೆಕ್ಕದ ಫೈಲು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಫೈಲು ಕೈಯಲ್ಲಿರುವುದು ಸಣ್ಣ ವಿಷಯವಲ್ಲ. ಮಿಂಟ್ ಎಂಬ ಬಹು ಜನಪ್ರಿಯ ಆನ್‌ಲೈನ್ ಮನೆಲೆಕ್ಕದ ಸೇವೆಯನ್ನು ಇಂಟ್ಯೂಟ್ ಕಂಪನಿ 2009ರಲ್ಲಿ ಕೊಂಡುಕೊಂಡು, 2024ರ ಮಾರ್ಚ್‌ನಲ್ಲಿ ಮುಚ್ಚಿಬಿಟ್ಟಿತು. ವರ್ಷಗಟ್ಟಲೆ ಅಲ್ಲಿ ಲೆಕ್ಕ ಇಟ್ಟವರು ಬೇರೆ ದಾರಿ ಹುಡುಕಬೇಕಾಯಿತು. ಹತ್ತು ವರ್ಷದ ಮನೆಲೆಕ್ಕ ಬೇರೆಯವರ ವ್ಯಾಪಾರದ ತೀರ್ಮಾನಕ್ಕೆ ಗಂಟುಬಿದ್ದಿರಬಾರದು.

ಇದರ ಬುನಾದಿ ಜೋಡಿ ನಮೂದು. ಹಣ ಎಲ್ಲಿಂದ ಹೊರಟಿತು, ಎಲ್ಲಿಗೆ ಸೇರಿತು ಎರಡನ್ನೂ ಬರೆಯದೆ ನಮೂದು ಮುಗಿಯುವುದಿಲ್ಲ. ಖಾತೆಗಳು ಐದು ಬಗೆ: ಆಸ್ತಿ, ಸಾಲ, ಆದಾಯ, ಖರ್ಚು, ಬಂಡವಾಳ. ಮೊದಲ ವಾರ ಇದು ತಲೆಬಿಸಿ ಮಾಡುತ್ತದೆ, ನಿಜ. ಒಂದು ಬದಿ ಬರೆದು ಇನ್ನೊಂದು ಮರೆತರೆ ‘ಇಂಬ್ಯಾಲೆನ್ಸ್’ ಎಂಬ ಖಾತೆ ತಾನಾಗಿ ಹುಟ್ಟಿಕೊಂಡು ಉಳಿದ ಮೊತ್ತ ಅಲ್ಲಿಗೆ ಹೋಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಅದು ಬಾಕಿ ಕೆಲಸದ ಪಟ್ಟಿ. ವಾರದ ಕೊನೆಗೆ ಆ ಖಾತೆ ತೆರೆದು, ಒಂದೊಂದನ್ನೂ ಸರಿಯಾದ ಖಾತೆಗೆ ಸೇರಿಸಿ ಸೊನ್ನೆಗೆ ತಂದರೆ ಆಯಿತು.

ಹೊಸ ಫೈಲು ತೆರೆದಾಗ ಗ್ನೂಕ್ಯಾಶ್ ತಾನೇ ಒಂದು ಖರ್ಚಿನ ಪಟ್ಟಿ ಕೊಡುತ್ತದೆ: ವಾಹನ, ಬಟ್ಟೆ, ಮನರಂಜನೆ, ವಿಮೆ, ಹೀಗೆ. ಒಂದೇ ಸಂಬಳದ ಮನೆಗೆ ಆ ಜೋಡಣೆ ಪ್ರಯೋಜನವಿಲ್ಲ. ವಾಹನದ ಇಂಧನವೂ ವಾಹನ ಸಾಲದ ಬಡ್ಡಿಯೂ ಒಂದೇ ತಲೆಬರಹದ ಕೆಳಗಿದ್ದರೆ ಕಷ್ಟದ ತಿಂಗಳಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಇಂಧನವನ್ನು ಅರ್ಧ ಮಾಡಬಹುದು, ಬಡ್ಡಿಯನ್ನು ಮಾಡಲಾಗದು. ಆದ್ದರಿಂದ ಖರ್ಚಿನ ಅಡಿಯಲ್ಲಿ ಮೂರೇ ಮೂರು ದೊಡ್ಡ ಖಾತೆ ಮಾಡಿ. ‘ನಿಲ್ಲಿಸಲಾಗದ್ದು’: ಬಾಡಿಗೆ, ಸಾಲದ ಬಡ್ಡಿ, ವಿಮೆಯ ಕಂತು, ಶಾಲೆಯ ಶುಲ್ಕ, ನಿತ್ಯದ ಔಷಧಿ. ‘ಕುಗ್ಗಿಸಬಹುದಾದ್ದು’: ದಿನಸಿ, ವಿದ್ಯುತ್ತು, ಓಡಾಟ, ಫೋನು. ‘ನಿಲ್ಲಿಸಬಹುದಾದ್ದು’: ಹೊರಗಿನ ಊಟ, ಪ್ರವಾಸ, ಚಂದಾ ಸೇವೆಗಳು, ಹೊಸ ಸಾಮಾನು. ಅಳತೆಗೋಲು ಒಂದೇ: ಸಂಬಳ ನಿಂತ ಮೇಲೆ 30 ದಿನದೊಳಗೆ ಈ ಖರ್ಚನ್ನು ನಿಲ್ಲಿಸಬಹುದೇ? ವರ್ಷಕ್ಕೆ ಸಹಿ ಹಾಕಿದ ಜಿಮ್ ಚಂದಾ ಮನಸ್ಸಿಗೆ ಐಷಾರಾಮವೇ ಇರಬಹುದು, ಒಪ್ಪಂದ ಮುಗಿಯುವ ತನಕ ಅದರ ಜಾಗ ಮೊದಲ ಗುಂಪಿನಲ್ಲೇ. ಈ ಮೂರು ದೊಡ್ಡ ಖಾತೆಗಳಿಗೆ ‘ಪ್ಲೇಸ್‌ಹೋಲ್ಡರ್’ ಗುರುತು ಹಾಕಿ. ಆಗ ಯಾರೂ ಅವಸರದಲ್ಲಿ ನೇರವಾಗಿ ಅವುಗಳಿಗೆ ಖರ್ಚು ಬರೆಯಲಾಗದು, ಒಳಗಿನ ಉಪಖಾತೆಗೇ ಬರೆಯಬೇಕಾಗುತ್ತದೆ. ಒಟ್ಟು ಉಪಖಾತೆಗಳು 25 ದಾಟದಿರಲಿ. ನಲವತ್ತು ಖಾತೆ ಮಾಡಿದವರು ಯಾವುದಕ್ಕೆ ಬರೆಯಬೇಕೆಂದು ಯೋಚಿಸುವುದರಲ್ಲೇ ಸೋತು, ಎರಡನೇ ತಿಂಗಳಿಗೆ ಬಿಟ್ಟುಬಿಡುತ್ತಾರೆ.

ಸಂಬಳದ ನಮೂದನ್ನು ಕೈಗೆ ಬಂದ ಮೊತ್ತಕ್ಕಷ್ಟೇ ಬರೆಯುವುದು ಸಾಮಾನ್ಯ ತಪ್ಪು. ಸಂಬಳದ ಚೀಟಿ ಎದುರಿಗಿಟ್ಟುಕೊಂಡು, ‘ಸ್ಪ್ಲಿಟ್’ ಗುಂಡಿ ಒತ್ತಿ ಪೂರ್ತಿ ಬಿಡಿಸಿ ಬರೆಯಿರಿ. ಆದಾಯದ ಖಾತೆಯಲ್ಲಿ ಪೂರ್ಣ ಸಂಬಳ. ಅದಕ್ಕೆ ಎದುರಾಗಿ ತೆರಿಗೆ ಒಂದು ಸಾಲು, ನಿವೃತ್ತಿ ನಿಧಿ ಒಂದು ಸಾಲು (ಇದು ಖರ್ಚಲ್ಲ, ಆಸ್ತಿ), ಉದ್ಯೋಗದಾತರು ಹಿಡಿದುಕೊಳ್ಳುವ ಆರೋಗ್ಯ ವಿಮೆ ಒಂದು ಸಾಲು, ಉಳಿದದ್ದು ಬ್ಯಾಂಕು. ವಿಮೆಯ ಸಾಲೇ ಇಲ್ಲಿ ಮುಖ್ಯ. ವಿಮೆ ಕೆಲಸದ ಜೊತೆ ಬಂದದ್ದಾದರೆ ಕೆಲಸದ ಜೊತೆಗೇ ಹೋಗುತ್ತದೆ, ಮತ್ತು ಸ್ವಂತಕ್ಕೆ ಕೊಳ್ಳುವಾಗ ಪೂರ್ತಿ ಕಂತು ಮನೆಯ ಮೇಲೆ ಬೀಳುತ್ತದೆ. ಸಂಬಳವನ್ನು ನಿವ್ವಳವಾಗಿ ಬರೆದವರಿಗೆ ಈ ಖರ್ಚು ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಒಮ್ಮೆ ಬಿಡಿಸಿ ಬರೆದರೆ ಸಾಕು, ಮುಂದಿನ ತಿಂಗಳು ವಿವರದ ಮೊದಲ ಅಕ್ಷರಗಳನ್ನು ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಹಿಂದಿನ ನಮೂದು ಸಾಲುಗಳ ಸಮೇತ ತುಂಬಿಕೊಳ್ಳುತ್ತದೆ. ಮೊತ್ತದ ಜಾಗದಲ್ಲಿ ಗುಣಾಕಾರ, ಕೂಡಿಕೆ ಬರೆದರೂ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ದಿನಾಂಕದ ಜಾಗದಲ್ಲಿ ಪ್ಲಸ್, ಮೈನಸ್ ಒತ್ತಿದರೆ ಒಂದೊಂದು ದಿನ ಮುಂದಕ್ಕೆ, ಹಿಂದಕ್ಕೆ ಸರಿಯುತ್ತದೆ. ಇಂಥ ಸಣ್ಣ ಅನುಕೂಲಗಳೇ ವಾರದ ಕೆಲಸವನ್ನು 20 ನಿಮಿಷಕ್ಕೆ ಇಳಿಸುವುದು.

ಈಗ ಮುಖ್ಯ ವಿಷಯ. ಒಂದೇ ಸಂಬಳದ ಮನೆ ಮುಗ್ಗರಿಸುವುದು ದಿನದ ಖರ್ಚಿನಲ್ಲಿ ಕಡಿಮೆ, ವರ್ಷಕ್ಕೊಮ್ಮೆ ಬರುವ ಬಿಲ್ಲುಗಳಲ್ಲಿ ಹೆಚ್ಚು. ಶಾಲೆಯ ಶುಲ್ಕ, ವಾಹನದ ವಿಮೆ, ಬಾಡಿಗೆಮನೆ ಬದಲಿಸುವ ಖರ್ಚು: ಇವು ಬರುತ್ತವೆಂದು ಎಲ್ಲರಿಗೂ ಗೊತ್ತು, ಆದರೂ ಬಂದ ತಿಂಗಳಲ್ಲಿ ಕ್ರೆಡಿಟ್ ಕಾರ್ಡ್ ಹೊರಗೆ ಬರುತ್ತದೆ. ಇದಕ್ಕೆ ಗ್ನೂಕ್ಯಾಶ್‌ನ ‘ಬಜೆಟ್’ ಸೌಲಭ್ಯ ಉಪಯೋಗಕ್ಕೆ ಬರುತ್ತದೆಂದು ನೆಚ್ಚಿ ಕೂರಬೇಡಿ. ಅದು ಅಂದುಕೊಂಡದ್ದು ಎಷ್ಟು, ಆದದ್ದು ಎಷ್ಟು ಎಂದು ಹೋಲಿಸುವ ಪಟ್ಟಿಯಷ್ಟೇ. ಬ್ಯಾಂಕಿನಲ್ಲಿರುವ ಹಣವನ್ನು ಯಾವುದಕ್ಕೂ ಮೀಸಲಿಡುವುದಿಲ್ಲ. ಈ ತಂತ್ರಾಂಶದ ಅತ್ಯಂತ ದುರ್ಬಲ ಭಾಗ ಇದೇ. ಹಣವನ್ನು ಲಕೋಟೆಗಳಂತೆ ಹಂಚುವ ಕೆಲಸದಲ್ಲಿ ವೈನ್ಯಾಬ್‌ನಂಥ ಚಂದಾ ಸೇವೆಗಳು ಇದಕ್ಕಿಂತ ಬಹಳ ಮುಂದಿವೆ.

ಆದರೆ ಉಪಖಾತೆಗಳಿಂದ ಅದೇ ಕೆಲಸ ಮಾಡಿಸಬಹುದು. ಆಸ್ತಿಯಲ್ಲಿ ಬ್ಯಾಂಕ್ ಖಾತೆಯ ಕೆಳಗೆ ನಾಲ್ಕು ಉಪಖಾತೆ ತೆರೆಯಿರಿ: ‘ಮನೆ’, ‘ದಿನಬಳಕೆ’, ‘ವರ್ಷದ ಬಿಲ್ಲು’, ‘ಆಪತ್ಕಾಲ’. ಬ್ಯಾಂಕಿನಲ್ಲಿ ಇರುವುದು ಒಂದೇ ಖಾತೆ, ವಿಂಗಡಣೆ ನಿಮ್ಮ ಪುಸ್ತಕದಲ್ಲಿ ಮಾತ್ರ. ಸಂಬಳ ಮೂಲ ಖಾತೆಗೆ ಬರುತ್ತದೆ, ಅಂದೇ ಅಲ್ಲಿಂದ ಉಪಖಾತೆಗಳಿಗೆ ಹಂಚಿಕೆಯಾಗುತ್ತದೆ. ಮೂಲ ಖಾತೆಯಲ್ಲಿ ಉಳಿದದ್ದು ಇನ್ನೂ ಕೆಲಸ ಹಚ್ಚದ ಹಣ, ಅದು ಸೊನ್ನೆಯಾಗುವ ತನಕ ಹಂಚಿ. ಸಂಬಳವನ್ನು 100 ಪಾಲು ಎಂದುಕೊಳ್ಳಿ. ವರ್ಷದ ಶಾಲಾ ಶುಲ್ಕ 36 ಪಾಲು, ವಿಮೆಗಳು 24 ಪಾಲು ಆದರೆ ತಿಂಗಳಿಗೆ 3 ಮತ್ತು 2, ಒಟ್ಟು 5 ಪಾಲು ‘ವರ್ಷದ ಬಿಲ್ಲು’ ಖಾತೆಗೆ ಹೋಗಬೇಕು.

ಮೊದಲ ವರ್ಷ ಇಲ್ಲೇ ಎಡವುವುದು. ಶುಲ್ಕ ಕಟ್ಟಲು ಇನ್ನು 4 ತಿಂಗಳಷ್ಟೇ ಇದೆ ಎನ್ನಿ. ತಿಂಗಳಿಗೆ 3ರಂತೆ ಎತ್ತಿಟ್ಟರೆ ಸೇರುವುದು 12, ಬೇಕಾದದ್ದು 36. ಹಾಗಾಗಿ ಮೊದಲ ಸುತ್ತಿನಲ್ಲಿ ಮೊತ್ತವನ್ನು 12ರಿಂದ ಭಾಗಿಸಬಾರದು, ಉಳಿದ ತಿಂಗಳುಗಳಿಂದ ಭಾಗಿಸಬೇಕು: ತಿಂಗಳಿಗೆ 9. ಅಷ್ಟು ಎತ್ತಿಡಲು ಆಗದಿದ್ದರೆ ನಾಲ್ಕು ತಿಂಗಳು ಮೊದಲೇ ಗೊತ್ತಾಯಿತಲ್ಲ, ಕಂತಿನಲ್ಲಿ ಕಟ್ಟಲು ಅವಕಾಶವಿದೆಯೇ ಎಂದು ಶಾಲೆಯನ್ನು ಕೇಳಲು ಆಗ ಇನ್ನೂ ಸಮಯವಿರುತ್ತದೆ.

ಈ ಹಂಚಿಕೆಯನ್ನು ಪ್ರತಿ ತಿಂಗಳು ಕೈಯಲ್ಲಿ ಮಾಡಬೇಕಿಲ್ಲ. ‘ಶೆಡ್ಯೂಲ್ಡ್ ಟ್ರಾನ್ಸಾಕ್ಷನ್’ ಮಾಡಿಟ್ಟರೆ ಫೈಲು ತೆರೆದ ಕೂಡಲೇ ‘ಸಿನ್ಸ್ ಲಾಸ್ಟ್ ರನ್’ ಕಿಟಕಿ ಬಂದು ಬಾಕಿಯಿರುವ ನಮೂದುಗಳನ್ನು ಮುಂದಿಡುತ್ತದೆ. ವಿದ್ಯುತ್ ಬಿಲ್ಲಿನಂತೆ ತಿಂಗಳಿಂದ ತಿಂಗಳಿಗೆ ಏರುಪೇರಾಗುವ ಮೊತ್ತಕ್ಕೆ ಅಂಕಿಯ ಬದಲು ಒಂದು ಹೆಸರು ಕೊಡಬಹುದು; ಪ್ರತಿ ಸಲ ಅದರ ಬೆಲೆ ಎಷ್ಟೆಂದು ಕೇಳುತ್ತದೆ. ‘ಕ್ರಿಯೇಟ್ ಇನ್ ಅಡ್ವಾನ್ಸ್’ನಲ್ಲಿ 30 ದಿನ ಎಂದು ಹಾಕಿ. ಆಮೇಲೆ ಖಾತೆಗಳ ಪುಟದಲ್ಲಿ ‘ಫ್ಯೂಚರ್ ಮಿನಿಮಮ್’ ಎಂಬ ಕಾಲಮ್ಮನ್ನು ಬಲತುದಿಯ ಬಾಣದ ಗುರುತಿನಿಂದ ತೆರೆಯಿರಿ. ಮುಂದಿನ ದಿನಾಂಕದ ನಮೂದುಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು, ಆ ಖಾತೆಯ ಬಾಕಿ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು ಅದು ತೋರಿಸುತ್ತದೆ. ಉಪಖಾತೆಯ ಮಟ್ಟದಲ್ಲೇ ನೋಡಿ; ‘ಮನೆ’ ಖಾತೆ ಸೊನ್ನೆಗಿಂತ ಕೆಳಗೆ ಹೋಗುವಂತಿದ್ದರೆ ಸಂಬಳಕ್ಕೆ ಇನ್ನೂ ಎರಡು ವಾರವಿರುವಾಗಲೇ ಕಾಣುತ್ತದೆ. ಇಡೀ ತಂತ್ರಾಂಶದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸುವ ಕಾಲಮ್ ಇದು, ಹೊಸಬರಿಗೆ ಕಣ್ಣಿಗೆ ಬೀಳದ ಜಾಗದಲ್ಲಿ ಇಟ್ಟಿದ್ದಾರೆ.

ಸಾಲದ ಕಂತಿಗೆ ಬಂದರೆ, ಗೃಹಸಾಲವಾಗಲಿ ವಾಹನಸಾಲವಾಗಲಿ ಪೂರ್ತಿ ಕಂತನ್ನು ಖರ್ಚೆಂದು ಬರೆಯುವ ಹಾಗಿಲ್ಲ. ಬಡ್ಡಿ ಖರ್ಚು, ಅಸಲು ಸಾಲದ ಖಾತೆಯನ್ನು ಕರಗಿಸುತ್ತದೆ. ಇದಕ್ಕೆಂದೇ ಒಂದು ಸಹಾಯಕ ಕಿಟಕಿ ಇದೆ. ಸಾಲದ ಮೊತ್ತ, ದರ, ಅವಧಿ ಕೊಟ್ಟರೆ ಪ್ರತಿ ಕಂತನ್ನು ತಾನೇ ಎರಡಾಗಿ ಒಡೆದು ವೇಳಾಪಟ್ಟಿ ಮಾಡುತ್ತದೆ. ಬಡ್ಡಿದರ ಬದಲಾಗುವ ಸಾಲವಾದರೆ ಆ ಸೂತ್ರಕ್ಕೆ ಹೊಸ ದರ ಗೊತ್ತಿರುವುದಿಲ್ಲ. ದರ ಬದಲಾದ ತಿಂಗಳು ವೇಳಾಪಟ್ಟಿಯನ್ನು ನಿಲ್ಲಿಸಿ ಹೊಸದು ಮಾಡಬೇಕು. ವರ್ಷಕ್ಕೊಮ್ಮೆ ಬ್ಯಾಂಕಿನ ಸಾಲಪಟ್ಟಿಯ ಬಾಕಿಗೆ ತಾಳೆ ನೋಡಿ, ಚಿಲ್ಲರೆ ವ್ಯತ್ಯಾಸವನ್ನು ಬಡ್ಡಿಗೆ ಬರೆದುಬಿಡಿ.

ಕ್ರೆಡಿಟ್ ಕಾರ್ಡಿನದೂ ಇದೇ ಕಥೆ. ಸಾಮಾನು ಕೊಂಡ ದಿನವೇ ಖರ್ಚು, ಎದುರು ಬದಿಗೆ ಕಾರ್ಡಿನ ಸಾಲದ ಖಾತೆ. ತಿಂಗಳ ಕೊನೆಗೆ ಬಿಲ್ಲು ಕಟ್ಟುವುದು ಬ್ಯಾಂಕಿನಿಂದ ಆ ಸಾಲದ ಖಾತೆಗೆ ಹಣ ದಾಟಿಸುವುದಷ್ಟೇ. ಅದನ್ನೂ ಖರ್ಚೆಂದು ಬರೆದರೆ ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೊಟ್ಟಂತೆ ಕಾಣುತ್ತದೆ. ಬಾಡಿಗೆಯ ಮುಂಗಡ ಖರ್ಚಲ್ಲ, ವಾಪಸು ಬರಬೇಕಾದ ಹಣ, ಹಾಗಾಗಿ ಆಸ್ತಿ. ಆದರೆ ಮನೆ ಬಿಡದೆ ಅದು ಕೈಗೆ ಸಿಗುವುದಿಲ್ಲ, ಆದ್ದರಿಂದ ಆಪತ್ಕಾಲದ ಲೆಕ್ಕಕ್ಕೆ ಅದನ್ನು ಸೇರಿಸಲೇಬೇಡಿ.

ಇಷ್ಟೆಲ್ಲ ಸಿದ್ಧವಾಯಿತೆಂದರೆ ಮೊದಲು ಹೇಳಿದ ಸಂಖ್ಯೆಯನ್ನು ತೆಗೆಯಬಹುದು. ‘ಇನ್‌ಕಮ್ ಸ್ಟೇಟ್‌ಮೆಂಟ್’ ವರದಿಯನ್ನು ಕಳೆದ 12 ತಿಂಗಳಿಗೆ ಓಡಿಸಿ. ಮೂರು ತಿಂಗಳಿಗೆ ಓಡಿಸಿದರೆ ವರ್ಷದ ಬಿಲ್ಲುಗಳು ಒಂದೋ ಪೂರ್ತಿ ಬಿದ್ದಿರುತ್ತವೆ, ಇಲ್ಲವೇ ಒಂದೂ ಇರುವುದಿಲ್ಲ. ಮೊದಲ ಗುಂಪಿನ ಮೊತ್ತವನ್ನು ಪೂರ್ತಿ ತೆಗೆದುಕೊಳ್ಳಿ, ಎರಡನೆಯದರ ಅರ್ಧ, ಮೂರನೆಯದನ್ನು ಬಿಡಿ. ತಿಂಗಳ ಸರಾಸರಿ ಮೊದಲನೆಯದು 55 ಪಾಲು, ಎರಡನೆಯದು 20 ಪಾಲು ಎಂದಿದ್ದರೆ ಸಿಗುವುದು 65. ‘ಆಪತ್ಕಾಲ’ದಲ್ಲಿ 260 ಪಾಲು ಇದ್ದರೆ ಸರಿಯಾಗಿ 4 ತಿಂಗಳು ಎನಿಸುತ್ತದೆ.

ಅಷ್ಟಿಲ್ಲ. ಸಾಲದ ಕಂತು 18 ಪಾಲು, ಅದರಲ್ಲಿ ಬಡ್ಡಿ 12, ಅಸಲು 6 ಎಂದಿಟ್ಟುಕೊಳ್ಳಿ. ಅಸಲು ಖರ್ಚಿನ ಖಾತೆಗೆ ಬರುವುದೇ ಇಲ್ಲವಾದ್ದರಿಂದ ಈ ವರದಿಯಲ್ಲಿ ಅದು ಕಾಣುವುದಿಲ್ಲ. ಸಾಲ ಕೊಟ್ಟವರು ಮಾತ್ರ ಪೂರ್ತಿ ಕಂತನ್ನೇ ಕೇಳುತ್ತಾರೆ. ಆ 6 ಸೇರಿಸಿದರೆ ತಿಂಗಳಿಗೆ 71. 260ನ್ನು 71ರಿಂದ ಭಾಗಿಸಿದರೆ 3.66 ತಿಂಗಳು. ಕೆಲಸ ಹೋದ ಮೇಲೆ ವಿಮೆಗೆ ಸ್ವಂತವಾಗಿ 4 ಪಾಲು ಹೆಚ್ಚು ಕಟ್ಟಬೇಕಾದರೆ 75, ಆಗ 3.47. ನಾಲ್ಕು ತಿಂಗಳಿದೆ ಎಂದು ನಂಬಿಕೊಂಡ ಮನೆಗೆ ನಿಜಕ್ಕೂ ಇರುವುದು ಮೂರೂವರೆ ತಿಂಗಳು. ನಾಲ್ಕನೆಯ ಬಾಡಿಗೆಯ ದಿನ ಆ ಎರಡು ವಾರದ ಬೆಲೆ ತಿಳಿಯುತ್ತದೆ. ಇಷ್ಟು ಕೂಡಿಸಿ ಭಾಗಿಸುವುದನ್ನು ಗ್ನೂಕ್ಯಾಶ್ ನಿಮ್ಮ ಪರವಾಗಿ ಮಾಡುವುದಿಲ್ಲ, ಪ್ರತಿ ಮೂರು ತಿಂಗಳಿಗೊಮ್ಮೆ ಕೈಯಲ್ಲೇ ಮಾಡಿಕೊಳ್ಳಬೇಕು. ಆದರೆ ಇದಕ್ಕೆ ಬೇಕಾದ ಪ್ರತಿ ಅಂಕಿಯೂ ಅಲ್ಲಿ ಸಿಗುತ್ತದೆ, ಮತ್ತು ಅದು ಅಂದಾಜಲ್ಲ.

ಅಂದಾಜಲ್ಲ ಎನ್ನಲು ಕಾರಣ ‘ರೀಕನ್ಸೈಲ್’, ಅಂದರೆ ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆ ನೋಡುವುದು. ತಿಂಗಳ ಪಟ್ಟಿಯ ಅಂತಿಮ ಬಾಕಿ ಹಾಕಿ, ಹೊಂದುವ ನಮೂದುಗಳಿಗೆ ಗುರುತು ಹಾಕುತ್ತ ಹೋದರೆ ವ್ಯತ್ಯಾಸ ಸೊನ್ನೆಗೆ ಬರಬೇಕು. ಉಪಖಾತೆ ಮಾಡಿಕೊಂಡವರು ‘ಇನ್‌ಕ್ಲೂಡ್ ಸಬ್‌ಅಕೌಂಟ್ಸ್’ ಎಂಬ ಪೆಟ್ಟಿಗೆಗೆ ಗುರುತು ಹಾಕಲು ಮರೆಯಬಾರದು. ಮರೆತರೆ ಮೂಲ ಖಾತೆಯ ಹಂಚದ ಹಣವನ್ನಷ್ಟೇ ಬ್ಯಾಂಕಿನ ಒಟ್ಟು ಬಾಕಿಗೆ ಹೋಲಿಸಿದಂತಾಗುತ್ತದೆ, ಎಂದಿಗೂ ತಾಳೆಯಾಗದು. ಪೆಟ್ಟಿಗೆಗೆ ಗುರುತು ಹಾಕಿದಾಗ ನಿಮ್ಮ ಒಳಗಿನ ಹಂಚಿಕೆಗಳು ಜಮೆಯ ಬದಿಯಲ್ಲೂ ಖರ್ಚಿನ ಬದಿಯಲ್ಲೂ ಕಾಣುತ್ತವೆ. ಬ್ಯಾಂಕಿನ ಪಟ್ಟಿಯಲ್ಲಿ ಅವು ಇರುವುದಿಲ್ಲ. ಎರಡೂ ಬದಿಗೆ ಗುರುತು ಹಾಕಿ, ಒಂದಕ್ಕೊಂದು ಕಳೆದುಹೋಗುತ್ತವೆ.

ಆಮೇಲೂ ವ್ಯತ್ಯಾಸ ಉಳಿದರೆ ಆ ಸಂಖ್ಯೆಯನ್ನೇ ನೋಡಿ. ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90. ಇಲ್ಲದಿದ್ದರೆ ಅದರ ಅರ್ಧದಷ್ಟು ಮೊತ್ತದ ನಮೂದನ್ನು ಹುಡುಕಿ. ಸಿಕ್ಕರೆ ಅದು ಜಮೆಯ ಬದಲು ಖರ್ಚಿಗೋ, ಖರ್ಚಿನ ಬದಲು ಜಮೆಗೋ ಬಿದ್ದಿದೆ ಎಂದರ್ಥ. ಅದೂ ಅಲ್ಲವೆಂದರೆ ಬ್ಯಾಂಕು ಹಿಡಿದುಕೊಂಡ ಯಾವುದೋ ಶುಲ್ಕ ನಿಮ್ಮ ಪುಸ್ತಕಕ್ಕೆ ಬಂದಿಲ್ಲ. ವ್ಯತ್ಯಾಸ ಮುಚ್ಚಲು ಸುಳ್ಳು ನಮೂದು ಮಾತ್ರ ಹಾಕಬೇಡಿ.

ನಗದಿಗೆ ‘ಕೈಹಣ’ ಎಂದು ಒಂದು ಖಾತೆ ಸಾಕು. ಯಂತ್ರದಿಂದ ತೆಗೆದದ್ದು ಖರ್ಚಲ್ಲ, ಬ್ಯಾಂಕಿನಿಂದ ಕೈಗೆ ಬಂದದ್ದು. ವಾರಕ್ಕೊಮ್ಮೆ ಪರ್ಸು ಎಣಿಸಿ, ಕಡಿಮೆಯಾದದ್ದನ್ನು ನೆನಪಿರುವಷ್ಟು ಬರೆದು ಉಳಿದದ್ದನ್ನು ‘ಗೊತ್ತಾಗದ್ದು’ ಎಂಬ ಉಪಖಾತೆಗೆ ಹಾಕಿ. ಅದು ಸಂಬಳದ ನೂರಕ್ಕೆ 3 ದಾಟುತ್ತಿದ್ದರೆ ಬರೆಯುವ ಅಭ್ಯಾಸ ಸಡಿಲವಾಗಿದೆ ಎಂದು ತಿಳಿಯಿರಿ.

ಬ್ಯಾಂಕಿನ ಸಿಎಸ್‌ವಿ ಫೈಲನ್ನು, ಅಂದರೆ ಇಳಿಸಿಕೊಂಡ ವ್ಯವಹಾರಗಳ ಪಟ್ಟಿಯನ್ನು, ಒಳಗೆ ತರುವ ಸೌಲಭ್ಯ ಚೆನ್ನಾಗಿದೆ. ಹಿಂದೆ ನೀವು ಯಾವ ವಿವರವನ್ನು ಯಾವ ಖಾತೆಗೆ ಹಾಕಿದಿರಿ ಎಂಬುದನ್ನು ನೋಡಿ ಕಲಿಯುತ್ತದೆ. ಎರಡು ಮೂರು ತಿಂಗಳಲ್ಲಿ ಬಹುತೇಕ ನಮೂದುಗಳಿಗೆ ಸರಿಯಾದ ಖಾತೆಯನ್ನು ತಾನೇ ಸೂಚಿಸತೊಡಗುತ್ತದೆ. ದಿನಾಂಕದ ಕ್ರಮ ಮಾತ್ರ ನೋಡಿಕೊಳ್ಳಿ. ದಿನ ಮೊದಲೋ ತಿಂಗಳು ಮೊದಲೋ ಎಂದು ತಪ್ಪಾಗಿ ಆರಿಸಿದರೆ ಮೇ 4ರ ಖರ್ಚು ಏಪ್ರಿಲ್ 5ಕ್ಕೆ ಹೋಗಿ ಕೂರುತ್ತದೆ, ಎಚ್ಚರಿಕೆಯೂ ಬರುವುದಿಲ್ಲ. ಮೊದಲ ಮೂರು ಸಾಲುಗಳನ್ನು ಪಟ್ಟಿಯ ಜೊತೆ ಹೋಲಿಸಿ, ಜಮೆ-ಖರ್ಚಿನ ಬದಿ ತಿರುವುಮುರುವಾಗಿಲ್ಲವೆಂದೂ ನೋಡಿ ಮುಂದುವರಿಯಿರಿ. ಒಮ್ಮೆ ಸರಿಹೊಂದಿಸಿದ ಕ್ರಮವನ್ನು ಹೆಸರು ಕೊಟ್ಟು ಉಳಿಸಬಹುದು.

ಕೊರತೆಗಳು ಸಣ್ಣವಲ್ಲ. ಇದು ಕಂಪ್ಯೂಟರಿನ ತಂತ್ರಾಂಶ, ಫೋನಿನಲ್ಲಿ ನಡೆಯುವುದಿಲ್ಲ. ಅಂಗಡಿಯಲ್ಲಿ ನಿಂತು ಬರೆಯುವ ಅಭ್ಯಾಸದವರು ಫೋನಿನ ಟಿಪ್ಪಣಿಯಲ್ಲಿ ಬರೆದುಕೊಂಡು ಆಮೇಲೆ ಏರಿಸಬೇಕು. ಒಂದು ಫೈಲನ್ನು ಒಂದು ಹೊತ್ತಿಗೆ ಒಬ್ಬರೇ ತೆರೆಯಬಹುದು. ಇನ್ನೊಬ್ಬರು ತೆರೆಯಹೋದರೆ ಬೀಗ ಬಿದ್ದಿದೆ ಎಂಬ ಎಚ್ಚರಿಕೆ ಬರುತ್ತದೆ. ಅದನ್ನು ಕಡೆಗಣಿಸಿ ‘ಓಪನ್ ಎನಿವೇ’ ಒತ್ತಿದರೆ ಇಬ್ಬರಲ್ಲಿ ಒಬ್ಬರ ಕೆಲಸ ಅಳಿಸಿಹೋಗಬಹುದು. ಫೈಲಿಗೆ ಪಾಸ್‌ವರ್ಡ್ ಇಡುವ ಸೌಲಭ್ಯವೂ ಇಲ್ಲ, ಡಿಸ್ಕನ್ನೇ ಗೂಢಲಿಪೀಕರಿಸಿ (ಎನ್‌ಕ್ರಿಪ್ಟ್ ಮಾಡಿ) ಇಟ್ಟುಕೊಳ್ಳಬೇಕು. ಮೊದಲ ಜೋಡಣೆಗೆ ಮೂರು ಗಂಟೆ ಹಿಡಿಯುತ್ತದೆ, ತಾಳೆ ನೋಡಲು ತಿಂಗಳಿಗೆ 40 ನಿಮಿಷ. ಇಷ್ಟು ಸಮಯ ಕೊಡಲಾಗದ ಮನೆಗೆ ನಾಲ್ಕು ಕಾಲಮ್ಮಿನ ಒಂದು ಸ್ಪ್ರೆಡ್‌ಶೀಟ್ ಇದಕ್ಕಿಂತ ಮೇಲು. ಅರ್ಧಕ್ಕೆ ಬಿಟ್ಟ ಜೋಡಿ ನಮೂದಿನ ಪುಸ್ತಕ ಯಾರಿಗೂ ಉಪಯೋಗವಿಲ್ಲ.

ಫೈಲು ಉಳಿಸುವಾಗ ಎಕ್ಸ್ಎಂಎಲ್ ರೂಪವನ್ನೇ ಆರಿಸಿ. ಪ್ರತಿ ಸಲ ಉಳಿಸಿದಾಗ ದಿನಾಂಕ, ವೇಳೆ ಸಮೇತ ಹಳೆಯ ಫೈಲಿನ ಒಂದು ಪ್ರತಿ ಅದೇ ಫೋಲ್ಡರಿನಲ್ಲಿ ನಿಲ್ಲುತ್ತದೆ. ಎಸ್‌ಕ್ಯೂಲೈಟ್ ಎಂಬ ಇನ್ನೊಂದು ರೂಪದಲ್ಲಿ ಬರೆದದ್ದು ಬರೆದ ಕ್ಷಣವೇ ಫೈಲಿಗೆ ಸೇರಿಹೋಗುತ್ತದೆ, ಉಳಿಸದೆ ಮುಚ್ಚಿ ಹಿಂದಕ್ಕೆ ಹೋಗುವ ದಾರಿ ಇಲ್ಲ. ಅದೇ ಫೋಲ್ಡರಿನ ಪ್ರತಿಗಳು ಡಿಸ್ಕ್ ಕೆಟ್ಟರೆ ಜೊತೆಗೇ ಹೋಗುತ್ತವೆ, ತಿಂಗಳಿಗೊಮ್ಮೆ ಪೆನ್‌ಡ್ರೈವಿಗೂ ಹಾಕಿ. ಮನೆಯಲ್ಲಿ ದುಡಿಯುವವರೇ ಲೆಕ್ಕವನ್ನೂ ಬರೆಯುವವರಾದರೆ ಇನ್ನೊಂದು ಕೆಲಸ ಬಾಕಿಯಿದೆ. ಅವರು ಆಸ್ಪತ್ರೆ ಸೇರಿದ ದಿನ ಸಂಬಳವೂ ನಿಲ್ಲಬಹುದು, ಪುಸ್ತಕವೂ ನಿಲ್ಲುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ತಾಳೆ ನೋಡುವಾಗ ಮನೆಯಲ್ಲಿರುವವರು ಕೀಲಿಮಣೆಯ ಮುಂದೆ ಕೂರಲಿ, ಬರೆಯುವವರು ಪಕ್ಕದಲ್ಲಿರಲಿ. ಖಾತೆಗಳ ಪುಟ, ಮುಂದಿನ 12 ತಿಂಗಳ ಬಿಲ್ಲುಗಳ ದಿನಾಂಕ, ಫೈಲು ಇರುವ ಜಾಗ ಇವಿಷ್ಟನ್ನು ಒಂದು ಹಾಳೆಗೆ ಅಚ್ಚು ಹಾಕಿ ವಿಮೆಯ ಕಾಗದಗಳ ಜೊತೆ ಇಟ್ಟುಬಿಡಿ, ಬಿಲ್ಲು ಬದಲಾದಾಗ ಹಾಳೆಯನ್ನೂ ಬದಲಿಸಿ.